ಮೊದಲು ಒತ್ತುವವಳು

ಆ ಮನೆಯಲ್ಲಿ ಷೇರಿನ ಹುಚ್ಚು ಹಿಡಿದದ್ದು ಗಂಡಸರಿಗಲ್ಲ, ಸೊಸೆಯರಿಬ್ಬರಿಗೆ. ಅಣ್ಣತಮ್ಮಂದಿರು ದುಡ್ಡಿನ ವಿಷಯದಲ್ಲಿ ಮಹಾ ಪುಕ್ಕಲರು. ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಂದ ಮೇಲೂ ಬ್ಯಾಂಕು ಅಲ್ಲೇ ಇದೆಯೇ ಎಂದು ವಾಕಿಂಗ್ ನೆಪದಲ್ಲಿ ಸಂಜೆ ನೋಡಿಕೊಂಡು ಬರುವವರು. ಸೊಸೆಯರು ಹಾಗಲ್ಲ. ಹಿರಿಯವಳು ಮಹಡಿ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಸುತ್ತಲಿನ ನಾಲ್ಕು ಬೀದಿಯ ಬಟ್ಟೆ ಹೊಲಿಯುತ್ತಿದ್ದಳು. ಕಿರಿಯವಳು ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನಕ್ಕೆ ಮನೆ ಸೇರುತ್ತಿದ್ದಳು. ಓರಗಿತ್ತಿಯರು ಅಂದಮೇಲೆ ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗಾಗದು ಎಂದು ನಂಬಿದವರು ಈ ಮನೆಗೆ ಬಂದು ಒಂದು ಲೋಟ ಚಹಾ ಕುಡಿದರೆ ಸಾಕಿತ್ತು, ಆ ನಂಬಿಕೆಯನ್ನು ಬಾಗಿಲಲ್ಲೇ ಬಿಟ್ಟು ಹೋಗುತ್ತಿದ್ದರು. ಕಿರಿಯವಳು ಹಿರಿಯವಳನ್ನು ಅಕ್ಕ ಎನ್ನುತ್ತಿದ್ದಳು, ಬರೀ ಬಾಯಿಮಾತಿಗಲ್ಲ.

ಅದಕ್ಕೆ ಕಾರಣವಿತ್ತು. ಮದುವೆಯಿಂದ ಅರ್ಧಕ್ಕೆ ನಿಂತಿದ್ದ ಲ್ಯಾಬಿನ ಕೋರ್ಸನ್ನು ಮುಗಿಸುತ್ತೇನೆಂದು ಅವಳು ಹೇಳಿದಾಗ ಅತ್ತೆ ಮೂಗು ಮುರಿದಿದ್ದರು. ಬೆಳಕು ಹರಿಯುವ ಮೊದಲೇ ಸೊಸೆ ಮನೆ ಬಿಟ್ಟರೆ ಅಡುಗೆಮನೆಯ ಗತಿಯೇನು ಎಂಬುದು ಅವರ ಪ್ರಶ್ನೆ. ಅವಳ ಪಾಲಿನದನ್ನೂ ನಾನೇ ಮಾಡುತ್ತೇನೆ ಎಂದು ಅಕ್ಕ ತೋಳೇರಿಸಿ ನಿಂತಳು. ಹೇಳಿದ್ದಷ್ಟೇ ಅಲ್ಲ, ಕೋರ್ಸು ಮುಗಿಯುವ ತನಕ ಒಂದು ದಿನವೂ ಗೊಣಗದೆ ಮಾಡಿ ತೋರಿಸಿದಳು. ಕಿರಿಯವಳಿಗೆ ಸಂಬಳ ಬರುವ ಕೆಲಸವೊಂದು ಇದೆ ಎಂದರೆ ಅದು ಅಕ್ಕನ ಹಠದಿಂದ.

ಷೇರಿನ ವಿಷಯ ಮನೆಗೆ ತಂದವಳು ಕಿರಿಯವಳು. ಲ್ಯಾಬಿನಲ್ಲಿ ರಕ್ತದ ಮಾದರಿಗಳು ಯಂತ್ರದೊಳಗೆ ತಿರುಗುತ್ತಿರುವಾಗ ಫೋನಿನಲ್ಲಿ ನೋಡಿ ನೋಡಿ ಕಲಿತದ್ದು. ಬೆಲೆ ಏರಿಳಿಯುವ ನಕ್ಷೆಯ ಕೆಳಗೆ ಇನ್ನೊಂದು ಗೆರೆ ಓಡುತ್ತದೆ, ಸೊನ್ನೆ ಮತ್ತು ನೂರರ ನಡುವೆ. ಬೆಲೆ ಎಷ್ಟು ಎಂದು ಅದು ಹೇಳುವುದಿಲ್ಲ. ಈಚಿನ ದಿನಗಳಲ್ಲಿ ಬೆಲೆ ಎಷ್ಟು ರಭಸದಿಂದ ಏರಿತು, ಎಷ್ಟು ರಭಸದಿಂದ ಇಳಿಯಿತು ಎಂಬುದನ್ನು ತೂಗಿ ಹೇಳುತ್ತದೆ. ಮೂವತ್ತಕ್ಕಿಂತ ಕೆಳಗೆ ಹೋದರೆ ಮಾರುವವರು ಸುಸ್ತಾಗಿದ್ದಾರೆ, ಕೊಳ್ಳಬಹುದು. ಎಪ್ಪತ್ತು ದಾಟಿದರೆ ಕೊಳ್ಳುವವರು ಅತಿಯಾಗಿ ಓಡಿದ್ದಾರೆ, ಹುಷಾರು. ಅದಕ್ಕೆ ಆರೆಸ್ಸೈ ಎಂದು ಹೆಸರು. ಈ ಮನೆಯಲ್ಲಿ ಮಾತ್ರ ಅದು ಬರೀ ‘ಗೆರೆ’. ಕಂಡ ದಿನವೇ ಕಿರಿಯವಳಿಗೆ ಅದರ ಜೊತೆ ನೆಂಟಸ್ತಿಕೆ ಬೆಳೆಯಿತು. ಅವಳು ದಿನಬೆಳಗಾದರೆ ನೋಡುವ ರಿಪೋರ್ಟುಗಳೂ ಹೀಗೆಯೇ ಅಲ್ಲವೇ? ಪ್ರತಿ ಅಂಕಿಯ ಪಕ್ಕದಲ್ಲಿ ಇಷ್ಟರಿಂದ ಇಷ್ಟರವರೆಗೆ ಸರಿ ಎಂಬ ಮಿತಿ. ಅದಕ್ಕಿಂತ ಕೆಳಗಿದ್ದರೂ ಕಾಯಿಲೆ, ಮೇಲಿದ್ದರೂ ಕಾಯಿಲೆ.

ಅಕ್ಕನಿಗೆ ಈ ಲೆಕ್ಕಾಚಾರಗಳಲ್ಲಿ ಆಸಕ್ತಿ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಬೀದಿಗೆ ಬಾಗಿಲಿರುವ ಒಂದು ಕೋಣೆ. ಮೆಟ್ಟಿಲ ಕೆಳಗೆ ತಲೆ ಎತ್ತಿದರೆ ನೆತ್ತಿಗೆ ಪೆಟ್ಟು. ಯಾರಾದರೂ ಮಹಡಿ ಹತ್ತಿದರೆ ಹೊಲಿದಿಟ್ಟ ಬಟ್ಟೆಯ ಮೇಲೆ ಧೂಳು. ಹಗಲಿನಲ್ಲೂ ದೀಪ. ಮೂಲೆಯ ಸ್ಟೇಷನರಿ ಅಂಗಡಿಯವರು ವರ್ಷದ ಕೊನೆಗೆ ಜಾಗ ಖಾಲಿ ಮಾಡುವುದಿತ್ತು. ಕೋಣೆ ನನಗೇ ಕೊಡಬೇಕು ಎಂದು ಅಕ್ಕ ಅದರ ಮಾಲೀಕರಿಂದ ಮಾತು ತೆಗೆದುಕೊಂಡು ಬಂದಿದ್ದಳು. ಮುಂಗಡಕ್ಕೆ ಸೂಜಿಯಲ್ಲಿ ದುಡಿದು ಕೂಡಿಟ್ಟದ್ದು ಅರ್ಧದಷ್ಟಿತ್ತು. ಇನ್ನರ್ಧವನ್ನು ಗೆರೆ ಕೊಡಬೇಕಿತ್ತು.

ಭಾವ, ಅಂದರೆ ಅಕ್ಕನ ಗಂಡ, ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ ಒಂದು ಷರತ್ತಿನ ಮೇಲೆ ತಲೆಯಾಡಿಸಿದರು: ಇಬ್ಬರೂ ಒಟ್ಟಿಗೆ ಕೊಳ್ಳಬೇಕು, ಒಟ್ಟಿಗೆ ಮಾರಬೇಕು, ಲಾಭವೋ ನಷ್ಟವೋ ಇಬ್ಬರದೂ ಒಂದೇ ದಾರಿ. ಅವಳು ನನ್ನ ಬಿಟ್ಟು ಒಂದು ಹೆಜ್ಜೆ ಇಡುವವಳಲ್ಲ ಎಂದು ಅಕ್ಕ ಎಲ್ಲರ ಮುಂದೆ ಎದೆ ತಟ್ಟಿಕೊಂಡಳು. ಅತ್ತೆ ಮಾತ್ರ ನೋಡೋಣ ಎಂದು ಅಷ್ಟಕ್ಕೇ ಬಿಟ್ಟರು. ಅತ್ತೆಯ ‘ನೋಡೋಣ’ದಲ್ಲಿ ಬೇರೆಯವರ ಒಂದು ಗಂಟೆಯ ಭಾಷಣದಷ್ಟು ಅರ್ಥವಿರುತ್ತಿತ್ತು.

ಹಾಗಾಗಿ ಅವರದೇ ಒಂದು ಪದ್ಧತಿ ಹುಟ್ಟಿಕೊಂಡಿತು. ಮಧ್ಯಾಹ್ನ ಇಸ್ತ್ರಿ ಮೇಜಿನ ಮೇಲೆ ಎರಡು ಫೋನುಗಳು ಅಕ್ಕಪಕ್ಕ ಮಲಗುತ್ತಿದ್ದವು. ಗೆರೆ ನೋಡಿ ತೀರ್ಮಾನ ಹೇಳುವವಳು ಕಿರಿಯವಳು. ಮೊದಲು ಒತ್ತುವವಳೂ ಅವಳೇ. “ಒತ್ತಿದೆ ಅಕ್ಕ” ಎಂದು ಅವಳು ಹೇಳಿದ ಮೇಲೆ ಅಕ್ಕ ಅವಳ ಫೋನಿನ ಕಡೆ ಬಗ್ಗಿ, ಎಲ್ಲಿ ಏನಿದೆ ಎಂದು ಒಂದೊಂದಾಗಿ ನೋಡಿಕೊಂಡು, ತನ್ನದರಲ್ಲೂ ಹಾಗೆಯೇ ಒತ್ತುತ್ತಿದ್ದಳು. ಅಂಗಿಯ ಅಳತೆಗೆ ಇನ್ನೊಂದು ಅಂಗಿ ಇಟ್ಟು ಕತ್ತರಿಸುವ ಕೈ ಅದು, ಮಾದರಿ ಇಲ್ಲದೆ ಮುಂದುವರಿಯದು. ಷೇರುಗಳ ಸಂಖ್ಯೆಯೂ ಇಬ್ಬರದೂ ಒಂದೇ. ನೀನು ಒತ್ತದೆ ನಾನು ಒತ್ತಲ್ಲ, ನಾನು ಒತ್ತುವ ತನಕ ನೀನು ಏಳಬಾರದು ಎಂಬುದು ಅಕ್ಕನ ಕಾನೂನು.

ಮೊದಮೊದಲು ಗೆರೆ ಹೇಳಿದಂತೆ ನಡೆಯಿತು. ನೀರಿನ ಪಂಪು ತಯಾರಿಸುವ ಕಂಪನಿಯೊಂದರ ಷೇರನ್ನು ಗೆರೆ ಮೂವತ್ತರ ಕೆಳಗಿದ್ದಾಗ ಕೊಂಡರು, ಬೆಲೆ ಮೇಲೆದ್ದಿತು. ಎಪ್ಪತ್ತು ದಾಟಿದ ದಿನ ಕಿರಿಯವಳು ಲ್ಯಾಬಿನ ಬುದ್ಧಿ ಓಡಿಸಿದಳು. ಮಿತಿ ಮೀರಿತು ಅಂದಮೇಲೆ ಇಳಿಯಲೇಬೇಕು ಎಂದು ಇಬ್ಬರದನ್ನೂ ಮಾರಿಸಿದಳು. ಷೇರು ಇಳಿಯಲಿಲ್ಲ. ಗೆರೆ ಎಪ್ಪತ್ತರ ಮೇಲೆಯೇ ಚಾಪೆ ಹಾಸಿಕೊಂಡಿತು, ಬೆಲೆ ವಾರಗಟ್ಟಲೆ ಏರುತ್ತಲೇ ಹೋಯಿತು. ಗಟ್ಟಿ ಓಟಕ್ಕೆ ಬಿದ್ದ ಷೇರಿಗೆ ಎಪ್ಪತ್ತು ಕಾಯಿಲೆಯಲ್ಲ, ಆರೋಗ್ಯ ಎಂಬುದು ಅವಳಿಗೆ ತಡವಾಗಿ ತಿಳಿಯಿತು. ಇಬ್ಬರೂ ಹೆಚ್ಚಿನ ಬೆಲೆಗೆ ಮತ್ತೆ ಕೊಂಡುಕೊಳ್ಳಬೇಕಾಯಿತು.

ಅಕ್ಕನಿಗೆ ಸಿಟ್ಟು ಬರಲಿಲ್ಲ, ತಮಾಷೆ ಬಂತು. ಅದೇ ತೊಂದರೆಯಾದದ್ದು. ಓಡುತ್ತಿದ್ದವನ ಮೈ ಮುಟ್ಟಿ ನೋಡಿ, ಬಿಸಿಯಾಗಿದೆ, ಜ್ವರ ಎಂದು ಮಲಗಿಸಿಬಿಟ್ಟಳು ನಮ್ಮ ಡಾಕ್ಟರಮ್ಮ ಎಂದು ಅಕ್ಕ ಮನೆಯಲ್ಲಿ ಹೇಳಿದಳು. ಎಲ್ಲರೂ ನಕ್ಕರು, ಕಿರಿಯವಳೂ ನಕ್ಕಳು. ಬಟ್ಟೆ ಹೊಲಿಸಲು ಬಂದವರಿಗೆ ಹೇಳಿದಳು, ಅವರೂ ನಕ್ಕರು. ಮಾತಿಗೆ ಕಾಲು ಬಂದು ಅದು ಆಸ್ಪತ್ರೆಯನ್ನೂ ಹೊಕ್ಕಿತು. ಓಡುವವರಿಗೆಲ್ಲ ಜ್ವರ ಅಂತ ರಿಪೋರ್ಟು ಬರೆಯುತ್ತೀಯಂತಲ್ಲಮ್ಮ ಎಂದು ಲ್ಯಾಬಿನ ದೊಡ್ಡ ಡಾಕ್ಟರು ಎಲ್ಲರ ಎದುರು ಕೇಳಿದ ದಿನ ಅವಳಿಗೆ ನಗಲಾಗಲಿಲ್ಲ. ಕೆಲಸದ ವಿಷಯದಲ್ಲಿ ಅವಳು ಯಾರಿಂದಲೂ ಒಂದು ಮಾತು ಕೇಳಿದವಳಲ್ಲ. ಅಕ್ಕನಿಗೆ ಹೇಳಿಕೊಂಡರೆ ಅಕ್ಕ ಅಂದೇ ಆ ತಮಾಷೆ ನಿಲ್ಲಿಸುತ್ತಿದ್ದಳು. ಇವಳು ಹೇಳಲಿಲ್ಲ, ಮನಸ್ಸಿನಲ್ಲಿಟ್ಟುಕೊಂಡಳು.

ಇದಾದ ಸ್ವಲ್ಪ ಕಾಲಕ್ಕೆ ಲ್ಯಾಬಿನಲ್ಲಿ ಒಬ್ಬರು ರಜೆ ಹಾಕಿದ್ದರಿಂದ ಅವಳು ಒಂದು ದಿನ ಎರಡು ಪಾಳಿ ಮಾಡಬೇಕಾಗಿ ಬಂತು. ಊಟದ ಬಿಡುವಿನಲ್ಲಿ ಫೋನು ತೆರೆದಳು. ಪಂಪಿನ ಷೇರು ಹೊಸ ಎತ್ತರಕ್ಕೆ ಏರಿತ್ತು, ಹಿಂದೆಂದೂ ಮುಟ್ಟದಷ್ಟು. ಆದರೆ ಕೆಳಗಿನ ಗೆರೆ ಬೇರೆಯೇ ಮಾತಾಡುತ್ತಿತ್ತು. ಹಿಂದಿನ ಸಲ ಬೆಲೆ ಶಿಖರ ಮುಟ್ಟಿದಾಗ ಗೆರೆ ಎಷ್ಟು ಎತ್ತರದಲ್ಲಿತ್ತೋ ಈ ಸಲ ಅದಕ್ಕಿಂತ ಎಷ್ಟೋ ಕೆಳಗೇ ತಿರುಗಿಬಿಟ್ಟಿತ್ತು. ಬೆಲೆ ಮೇಲೆ, ಗೆರೆ ಕೆಳಗೆ. ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದ ಮೇಲೂ ಚಕ್ರ ನಾಲ್ಕು ಸುತ್ತು ತಿರುಗುತ್ತದಲ್ಲ, ಅಂಥದ್ದು. ನೋಡುವವರಿಗೆ ಯಂತ್ರ ಓಡುತ್ತಲೇ ಇದೆ, ತುಳಿಯುವ ಕಾಲು ಮಾತ್ರ ಇಲ್ಲ.

ಅವಳು ಕೈ ತೊಳೆದುಕೊಂಡು ಬಂದು ಇನ್ನೊಮ್ಮೆ ನೋಡಿದಳು. ಅನುಮಾನವಿರಲಿಲ್ಲ. ಅಕ್ಕನಿಗೆ ಫೋನು ಮಾಡಬೇಕೆಂದುಕೊಂಡಳು, ಫೋನಿನಲ್ಲಿ ಅವಳ ಹೆಸರಿನವರೆಗೂ ಹೋದಳು. ಆಗ ಜ್ವರದ ಮಾತು ನೆನಪಾಯಿತು. ಈಗ ಮಾರಿಸಿ, ನಾಳೆ ಷೇರು ಮತ್ತೆ ಏರಿದರೆ? ಆ ತಮಾಷೆಗೆ ಎರಡನೆಯ ಭಾಗ ಹುಟ್ಟುತ್ತದೆ, ಅದೂ ಆಸ್ಪತ್ರೆಗೆ ಬರುತ್ತದೆ. ಮೊದಲು ನನ್ನದನ್ನು ಮಾರುತ್ತೇನೆ, ಸಂಜೆ ಹೋಗಿ ಅಕ್ಕನಿಗೆ ಹೇಳುತ್ತೇನೆ, ತಪ್ಪಾದರೆ ನನ್ನೊಬ್ಬಳ ತಪ್ಪು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಒತ್ತಿದಳು. ಪಕ್ಕದಲ್ಲಿ ಬಗ್ಗಿ ನೋಡುವವರು ಯಾರೂ ಇರಲಿಲ್ಲ.

ಸಂಜೆ ಅವಳು ಮೆಟ್ಟಿಲ ಕೆಳಗೆ ಹೋಗಿ ಕುಳಿತದ್ದು ಹೇಳಬೇಕೆಂದೇ. ಅಕ್ಕ ಅವತ್ತು ಕೋಣೆಯ ಅಳತೆ ತೆಗೆದುಕೊಂಡು ಬಂದಿದ್ದಳು. ಕಿಟಕಿಗೆ ಯಾವ ಪರದೆ ಒಪ್ಪುತ್ತದೆ ಎಂದು ಎರಡು ತುಂಡು ಬಟ್ಟೆ ಹಿಡಿದು ಒಂದನ್ನು ಮೂಗಿನ ಹತ್ತಿರ, ಒಂದನ್ನು ದೂರ ಇಟ್ಟು ನೋಡುತ್ತಿದ್ದಳು. ಅಂಗಿ ತೆಗೆದುಕೊಂಡು ಹೋಗಲು ಬಂದ ಪಕ್ಕದ ಬೀದಿಯ ಹೆಂಗಸೊಬ್ಬಳು ಸ್ಟೂಲಿನ ಮೇಲೆ ಕುಳಿತಿದ್ದಳು. ಕಿರಿಯವಳನ್ನು ಕಂಡದ್ದೇ ಅಕ್ಕ, ಏನು ಡಾಕ್ಟರಮ್ಮ, ಇವತ್ತು ಯಾರಿಗೆ ಜ್ವರ ಎಂದು ಕೇಳಿದಳು. ಆ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಿರಿಯವಳು ಯಾರಿಗೂ ಇಲ್ಲ ಎಂದಳು. ಪರದೆಗೆ ತಿಳಿನೀಲಿಯೇ ಚೆನ್ನ ಎಂದೂ ಹೇಳಿದಳು. ಆ ಹೆಂಗಸು ಹೋದ ಮೇಲೂ ಅರ್ಧ ಗಂಟೆ ಅಲ್ಲೇ ಇದ್ದಳು, ಗುಂಡಿ ಹಾಕಲು ಸಹಾಯ ಮಾಡಿದಳು. ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂಬುದಕ್ಕೆ ಆಮೇಲೆ ಅವಳು ಎಷ್ಟೋ ಕಾರಣ ಜೋಡಿಸಿದಳು. ಸುಸ್ತಾಗಿತ್ತು, ಅಕ್ಕ ಖುಷಿಯಲ್ಲಿದ್ದಳು, ನಾಳೆ ಹೇಳಿದರಾಯಿತು ಅಂದುಕೊಂಡೆ. ಯಾವುದೂ ನಿಜವಲ್ಲ ಅಂತಲ್ಲ. ಆದರೆ ಎಲ್ಲದರ ಅಡಿಯಲ್ಲಿ ಇನ್ನೊಂದಿತ್ತು, ಅದನ್ನು ಅವಳು ಕಣ್ಣೆತ್ತಿ ನೋಡಲು ಹೆದರುತ್ತಿದ್ದಳು. ಒಂದೇ ಒಂದು ಸಲ ಅಕ್ಕ ತಪ್ಪಬೇಕು, ತಾನು ಸರಿಯಾಗಬೇಕು, ಅದು ಎಲ್ಲರಿಗೂ ಕಾಣಬೇಕು ಎಂಬ ಆಸೆ ಅದು. ಷೇರು ನಾಲ್ಕು ಕಾಸು ಇಳಿಯುತ್ತದೆ, ಆಗ ಹೇಳಿ ಅಕ್ಕನನ್ನೂ ಹೊರಗೆ ಎಳೆದುಕೊಂಡರಾಯಿತು ಎಂದಷ್ಟೇ ಅವಳ ಎಣಿಕೆ.

ಮಾರನೆಯ ಬೆಳಿಗ್ಗೆ ಕಂಪನಿಯ ದೊಡ್ಡ ಆರ್ಡರೊಂದು ರದ್ದಾದ ಸುದ್ದಿ ಬಂತು. ಷೇರು ನಾಲ್ಕು ಕಾಸು ಇಳಿಯಲಿಲ್ಲ, ಬಾವಿಗೆ ಬಿತ್ತು. ಒಂದು ದಿನಕ್ಕೆ ಎಷ್ಟು ಬೀಳಲು ಬಿಡುತ್ತಾರೋ ಅಷ್ಟೂ ಪೇಟೆಯ ಬಾಗಿಲು ತೆರೆಯುತ್ತಿದ್ದಂತೆಯೇ ಬಿದ್ದು ಬೀಗ ಹಾಕಿಕೊಂಡಿತು. ಮಾರುವವರ ಸಾಲು ಬೀದಿಯುದ್ದ, ಕೊಳ್ಳುವವನು ಒಬ್ಬನೂ ಇಲ್ಲ. ಮರುದಿನವೂ ಹಾಗೆಯೇ. ಅದರ ಮರುದಿನವೂ.

ಕಿರಿಯವಳು ಮೊದಲ ದಿನ ಲ್ಯಾಬಿನಿಂದ ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಈಗ ಬೈಗುಳ ಬೀಳುತ್ತದೆ ಎಂದುಕೊಂಡಳು. ಬಿದ್ದಿದ್ದರೆ ಒಳ್ಳೆಯದಿತ್ತು, ಆ ಬಿಸಿಯಲ್ಲೇ ನಿಜ ಹೊರಬಿದ್ದುಬಿಡುತ್ತಿತ್ತು. ಅಕ್ಕ ಅವಳ ಕೈಚೀಲ ತೆಗೆದುಕೊಂಡು, ಕೂರಿಸಿ, ನೀರು ಕೊಟ್ಟಳು.

“ನಂದು ಹೋದ್ರೆ ಹೋಗ್ಲಿ ಕಣೇ, ನಾನು ಹೊಲಿದು ತಗೋತೀನಿ. ನಿಂದೂ ಹೋಯ್ತಲ್ಲ, ಬೆಳಗಿನ ಜಾವ ಎದ್ದು ದುಡಿದ ದುಡ್ಡು. ಅದೇ ನಂಗೆ ಹೊಟ್ಟೆ ಉರೀತಿದೆ.”

ಆ ಹೊತ್ತಿನಲ್ಲಿ ಬಾಯಿ ತೆರೆದಿದ್ದರೆ ಈ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಅವಳು ನೀರು ಕುಡಿದಳು. ಲೋಟ ಕೆಳಗಿಟ್ಟು, ತಲೆ ತಗ್ಗಿಸಿದಳು. ಅಕ್ಕ ಅದನ್ನು ದುಃಖ ಎಂದುಕೊಂಡು ಬೆನ್ನು ಸವರಿದಳು.

ಅಂದಿನಿಂದ ಅಕ್ಕ ಅವಳ ಕಾವಲಿಗೆ ನಿಂತುಬಿಟ್ಟಳು. ಅತ್ತೆ ಏನೋ ಹೇಳಲು ಬಾಯಿ ತೆರೆದರೆ, ಅವಳಿಗೇನೂ ಅನ್ನಬೇಡಿ, ಅವಳದೂ ನನ್ನಷ್ಟೇ ಹೋಗಿದೆ ಎಂದು ಅಡ್ಡ ಬರುತ್ತಿದ್ದಳು. ಜ್ವರದ ತಮಾಷೆಯನ್ನು ಯಾರೋ ಎತ್ತಿದಾಗ, ಅದನ್ನಿನ್ನು ಈ ಮನೆಯಲ್ಲಿ ಆಡಬಾರದು ಎಂದು ಗದರಿದಳು. ಕಿರಿಯವಳ ಗಂಡನನ್ನು ಮೂಲೆಗೆ ಕರೆದು, ಅವಳ ಹತ್ತಿರ ದುಡ್ಡಿನ ಮಾತೆತ್ತಬೇಡಪ್ಪ ಎಂದು ಬುದ್ಧಿ ಹೇಳಿದಳು. ಒಂದೊಂದು ಒಳ್ಳೆಯ ಮಾತೂ ಕಿರಿಯವಳ ಮೈಮೇಲೆ ಕೆಂಡ ಇಟ್ಟಂತಾಗುತ್ತಿತ್ತು. ಲ್ಯಾಬಿನಲ್ಲಿ ಒಬ್ಬರ ರಕ್ತದ ಕೊಳವೆಯ ಮೇಲೆ ಇನ್ನೊಬ್ಬರ ಚೀಟಿ ಅಂಟಿಸಲು ಹೋಗಿ ಕೊನೆಯ ಗಳಿಗೆಯಲ್ಲಿ ಎಚ್ಚೆತ್ತಳು. ಇಷ್ಟು ವರ್ಷದಲ್ಲಿ ಆಗದಿದ್ದದ್ದು ಅದು.

ಆಮೇಲೆ ಬೀಗ ತೆರೆಯಿತು. ಕೊಳ್ಳುವವರು ಅಲ್ಲೊಬ್ಬ ಇಲ್ಲೊಬ್ಬ ಬಂದರು. ಷೇರು ಧಡಾರನೆ ಬೀಳುವುದು ನಿಂತು, ದಿನವೂ ಸ್ವಲ್ಪ ಸ್ವಲ್ಪ ಇಳಿಯತೊಡಗಿತು. ಗೆರೆ ಮೂವತ್ತರ ಕೆಳಗೆ ಹೋಗಿ ಅಲ್ಲೇ ಬಿದ್ದುಕೊಂಡಿತ್ತು. ಈ ಸಲ ಕಿರಿಯವಳು ಮೋಸ ಹೋಗಲಿಲ್ಲ. ಎಪ್ಪತ್ತರ ಮೇಲೆ ವಾರಗಟ್ಟಲೆ ಕೂರುವುದು ಹೇಗೆ ಸಾಧ್ಯವೋ ಮೂವತ್ತರ ಕೆಳಗೆ ಬಿದ್ದಿರುವುದೂ ಹಾಗೆಯೇ ಸಾಧ್ಯ. ಉಳಿದದ್ದನ್ನಾದರೂ ಉಳಿಸಿಕೊಂಡು ಹೊರಗೆ ಬರಬೇಕು. ಹಾಗೆಂದು ಅಕ್ಕನಿಗೆ ಹೇಳಿದಳು. ಅಕ್ಕ ಕೂಡಲೇ ಒಪ್ಪಿದಳು. ಇಸ್ತ್ರಿ ಮೇಜಿನ ಮೇಲಿನ ಬಟ್ಟೆ ಸರಿಸಿ, ಫೋನು ಇಟ್ಟು, ಕಾದು ಕುಳಿತಳು.

“ನೀನು ಮೊದಲು ಒತ್ತು” ಎಂದಳು.

ಒತ್ತಲು ಕಿರಿಯವಳ ಹತ್ತಿರ ಏನಿತ್ತು? ಅವಳು ತಲೆನೋವು ಎಂದಳು. ಮಾರನೆಯ ದಿನ ಫೋನಿನಲ್ಲಿ ಚಾರ್ಜಿಲ್ಲ ಎಂದಳು. ನೀನೇ ಮೊದಲು ಮಾರು ಅಕ್ಕ, ನಾನು ಆಮೇಲೆ ನೋಡುತ್ತೇನೆ ಎಂದೂ ಹೇಳಿ ನೋಡಿದಳು. ಅಕ್ಕ ಜಗ್ಗಲಿಲ್ಲ. ನಿನ್ನನ್ನು ಒಳಗೆ ಬಿಟ್ಟು ನಾನೊಬ್ಬಳೇ ಹೊರಗೆ ಬರುವುದೇ, ಬಿಡ್ತು ಅನ್ನು ಎಂದು ಅವಳ ತಲೆಯ ಮೇಲೆ ಮೊಟಕಿದಳು. ಷೇರು ಆ ದಿನವೂ ಇಳಿಯಿತು. ಕಿರಿಯವಳು ಸುಮ್ಮನಿದ್ದ ಒಂದೊಂದು ದಿನಕ್ಕೂ ಮೂಲೆಯ ಕೋಣೆಯ ಒಂದೊಂದು ಗೋಡೆ ಕಳಚಿ ಬೀಳುತ್ತಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ದಾರಿ ಎರಡೇ ಇದ್ದವು. ಒಂದು, ನಿಜ ಹೇಳುವುದು. ಅವಳು ಎರಡನೆಯದನ್ನು ಹುಡುಕಿದಳು. ಅಪರಾಧ ಮಾಡಿದವರ ತಲೆ ಆ ವಿಷಯದಲ್ಲಿ ಬಹಳ ಚುರುಕು. ಮರುದಿನ ಲ್ಯಾಬಿನಿಂದಲೇ, ತನ್ನ ಹತ್ತಿರ ಮೊದಲು ಎಷ್ಟು ಷೇರುಗಳಿದ್ದವೋ ಲೆಕ್ಕ ಹಾಕಿ ಅಷ್ಟನ್ನೇ ಬಿದ್ದ ಬೆಲೆಗೆ ಮತ್ತೆ ಕೊಂಡುಕೊಂಡಳು. ಈಗ ಅಕ್ಕನ ಪಕ್ಕದಲ್ಲಿ ಕುಳಿತು ಮೊದಲು ಒತ್ತಬಹುದು. ಷೇರು ಇನ್ನೂ ಬಿದ್ದು ತನಗೂ ನಷ್ಟವಾಗಲಿ ಎಂದು ಮನಸಾರೆ ಬೇಡಿಕೊಂಡಳು. ತನ್ನ ದುಡ್ಡು ಕರಗಲಿ ಎಂದು ಬೇಡಿಕೊಂಡವರು ಆ ಪೇಟೆಯಲ್ಲಿ ಅವಳೊಬ್ಬಳೇ ಇರಬೇಕು. ಸ್ವಲ್ಪ ನಷ್ಟವಾದರೂ ಅವಳದೂ ಹೋಗಿದೆ ಎಂದು ಅಕ್ಕ ಹೇಳಿದ ಮಾತು ಪೂರ್ತಿ ಸುಳ್ಳಾಗುವುದಿಲ್ಲ ಎಂಬ ಆಸೆ. ಷೇರುಪೇಟೆ ಅಷ್ಟು ಪುಣ್ಯವನ್ನೂ ಅವಳಿಗೆ ಕೊಡಲಿಲ್ಲ. ಮಾರನೆಯ ದಿನ ಷೇರು ಎರಡು ಹೆಜ್ಜೆ ಮೇಲೆ ಬಂತು.

ಮಧ್ಯಾಹ್ನ ಫೋನುಗಳು ಇಸ್ತ್ರಿ ಮೇಜಿನ ಮೇಲೆ ಅಕ್ಕಪಕ್ಕ ಮಲಗಿದವು. ಸ್ವಲ್ಪ ಎದ್ದಿದೆ, ಆದರೆ ಗೆರೆಗೆ ಜೀವವಿಲ್ಲ, ಇವತ್ತೇ ಮಾರಿಬಿಡೋಣ ಎಂದು ಕಿರಿಯವಳು ಹೇಳಿದಳು. ಅಕ್ಕ ಹೂಂಗುಟ್ಟಿ ಎಂದಿನಂತೆ ಅವಳ ಫೋನಿನ ಕಡೆ ಬಗ್ಗಿದಳು. ಕಂಪನಿಯ ಹೆಸರು ಸರಿಯಿತ್ತು. ಸಂಖ್ಯೆ ಸರಿಯಿತ್ತು. ಕಿರಿಯವಳು ಬೆರಳೆತ್ತಿದಳು. ಅಕ್ಕ ಆ ಬೆರಳನ್ನು ಹಿಡಿದುಕೊಂಡಳು.

“ನಿಂದು ಯಾಕೆ ಹಸಿರಿದೆ?”

ನಷ್ಟದಲ್ಲಿದ್ದರೆ ಕೆಂಪು, ಲಾಭದಲ್ಲಿದ್ದರೆ ಹಸಿರು. ಅಕ್ಕನಿಗೆ ಗೆರೆ ತಿಳಿಯದಿದ್ದರೂ ಬಣ್ಣ ತಿಳಿಯುತ್ತಿತ್ತು. ಅವಳ ಫೋನಿನಲ್ಲಿ ಆ ಸಾಲು ಪೂರ್ತಿ ಕೆಂಪಾಗಿತ್ತು. ಸಂಖ್ಯೆಯನ್ನು ಅಷ್ಟು ಎಚ್ಚರಿಕೆಯಿಂದ ಹೊಂದಿಸಿದ್ದ ಕಿರಿಯವಳಿಗೆ ಬಣ್ಣದ ನೆನಪೇ ಬಂದಿರಲಿಲ್ಲ. ಏನಾದರೂ ಹೇಳಬೇಕೆಂದು ಹುಡುಕಿದಳು. ಅಕ್ಕನ ಮುಖದಲ್ಲಿ ಅನುಮಾನವಿರಲಿಲ್ಲ, ಫೋನೇ ಕೆಟ್ಟಿರಬೇಕು ಎಂಬ ಗೊಂದಲ ಮಾತ್ರ ಇತ್ತು. ಅದನ್ನು ಕಂಡ ಮೇಲೆ ಅವಳಿಗೆ ಸುಳ್ಳು ಬರಲಿಲ್ಲ.

“ಇದು ನಿನ್ನೆ ತಗೊಂಡಿದ್ದು ಅಕ್ಕ. ಮೊದಲಿನದನ್ನ ನಾನು ಬೀಳೋಕೆ ಹಿಂದಿನ ದಿನ ಮಾರಿಬಿಟ್ಟಿದ್ದೆ.”

ಅಕ್ಕ ಬೆರಳು ಬಿಟ್ಟಳು.

“ಅವತ್ತು ಸಂಜೆ ನೀನು ಇಲ್ಲೇ ಕೂತಿದ್ದೆ.”

“ಹೂಂ.”

“ಗೊತ್ತಿದ್ದೂ ಕೂತಿದ್ದೆ.”

ಕಿರಿಯವಳು ಅಳುತ್ತ ಎಲ್ಲವನ್ನೂ ಹೇಳಿದಳು. ಬೆಲೆ ಮೇಲೆ, ಗೆರೆ ಕೆಳಗೆ ಎಂಬುದರಿಂದ ಹಿಡಿದು ದೊಡ್ಡ ಡಾಕ್ಟರು ಎಲ್ಲರೆದುರು ಆಡಿದ ಮಾತಿನವರೆಗೆ. ಎಲ್ಲ ಕೇಳಿ ಮುಗಿದ ಮೇಲೆ ಅಕ್ಕ ತನ್ನ ಫೋನನ್ನು ಹತ್ತಿರಕ್ಕೆ ಎಳೆದುಕೊಂಡು, ಯಾರನ್ನೂ ನೋಡದೆ, ಯಾರೂ ತೋರಿಸದೆ, ತಾನೇ ಒತ್ತಿದಳು.

ನನಗೆ ಬಂದದ್ದರಲ್ಲಿ ಅರ್ಧ ನಿನ್ನದು, ಪೂರ್ತಿ ಬೇಕಾದರೂ ತೆಗೆದುಕೋ, ಮೊದಲು ಕೋಣೆಗೆ ಮುಂಗಡ ಕೊಟ್ಟುಬಿಡೋಣ ಎಂದು ಕಿರಿಯವಳು ಅಂಗಲಾಚಿದಳು. ಅಕ್ಕ ಬೇಡ ಎಂದು ತಲೆಯಾಡಿಸಿದಳು.

“ನಂದು ಹೋಗಿದ್ದು ನಿನ್ನ ಹತ್ರ ಬಂದಿಲ್ಲ, ಯಾರ ಹತ್ರನೋ ಹೋಯ್ತು. ದುಡ್ಡಿನ ಮಾತು ಬಿಡು. ಇಷ್ಟು ದಿನ ನಾನು ನಿನ್ನನ್ನ ಸಮಾಧಾನ ಮಾಡ್ತಿದ್ದೆನಲ್ಲ, ಆಗ ನಿಂಗೆ ಹೇಗೆ ಸುಮ್ಮನೆ ಕೂತಿರೋಕೆ ಆಯ್ತು?”

ಅಕ್ಕ ಉತ್ತರಕ್ಕೆ ಕಾಯಲಿಲ್ಲ. ಪಕ್ಕಕ್ಕಿಟ್ಟಿದ್ದ ಬಟ್ಟೆಯನ್ನು ಯಂತ್ರದ ಕೆಳಗೆ ಸೇರಿಸಿ ತುಳಿಯತೊಡಗಿದಳು. ಆ ಸದ್ದಿನಲ್ಲಿ ಇನ್ನು ಮಾತಾಡುವಂತಿರಲಿಲ್ಲ. ಕಿರಿಯವಳು ತನ್ನ ಷೇರುಗಳನ್ನೂ ಮಾರಿದಳು. ಅದರಲ್ಲೂ ಸ್ವಲ್ಪ ಲಾಭವೇ ಬಂತು. ಅಷ್ಟು ಅಸಹ್ಯದ ದುಡ್ಡನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ.

ರಾತ್ರಿಯ ಊಟಕ್ಕೆ ಎಲ್ಲರೂ ಕುಳಿತರು. ಕೇಳಬಾರದೆಂದು ಎಷ್ಟೋ ದಿನದಿಂದ ತಡೆದುಕೊಂಡಿದ್ದ ಅತ್ತೆ, ಆ ಷೇರಿನದು ಏನಾಯಿತು ಎಂದು ಕೇಳಿಯೇಬಿಟ್ಟರು. ಅಕ್ಕ ಬಡಿಸುತ್ತಿದ್ದ ಕೈ ನಿಲ್ಲಿಸದೆ, ಇವತ್ತು ಮಾರಿದೆವು, ಇಬ್ಬರದೂ ಹೋಯಿತು, ಆ ಮಾತು ಇಲ್ಲಿಗೆ ಮುಗಿಯಿತು ಎಂದಳು. ದನಿಯಲ್ಲಿ ಒಂದು ಎಳೆಯೂ ಸಡಿಲವಿರಲಿಲ್ಲ. ಕಿರಿಯವಳ ಕಡೆ ಮಾತ್ರ ಅವಳು ನೋಡಲಿಲ್ಲ.

ಅತ್ತೆಯಂಥ ಅತ್ತೆಯೇ ಕರಗಿದರು. ಮುಖ ಬಾಡಿಸಿಕೊಂಡು ಕೂರಬೇಡ, ದುಡಿಯುವ ಕೈ ಇದೆಯಲ್ಲ ಎಂದು ಕಿರಿಯವಳ ತಟ್ಟೆಗೆ ತಾವೇ ಇನ್ನೊಂದಿಷ್ಟು ಹಾಕಿದರು. ಅವಳ ಗಂಡ ಮೇಜಿನ ಕೆಳಗೆ ಅವಳ ಮೊಣಕಾಲಿನ ಮೇಲೆ ಕೈಯಿಟ್ಟ. ಭಾವ ಉಣ್ಣುವ ಕೈ ತಡೆದು ಅವಳ ಕಡೆ ತಿರುಗಿದರು. ಅವರು ಹೆಚ್ಚು ಮಾತಿನವರಲ್ಲ.

“ಹೋಗ್ಲಿ ಬಿಡಮ್ಮ. ಕಷ್ಟ ಬಂದಾಗ ಒಬ್ಬರನ್ನೊಬ್ಬರು ಬಿಟ್ಟು ಓಡಲಿಲ್ಲ ನೀವು. ಅಷ್ಟು ಸಾಕು.”

ಅಕ್ಕನ ಮೌನವನ್ನು ಅವಳು ಹೇಗೋ ತಡೆದುಕೊಂಡಿದ್ದಳು. ಇದನ್ನು ತಡೆದುಕೊಳ್ಳಲಾಗಲಿಲ್ಲ. ತುತ್ತು ಬಾಯಲ್ಲಿರುವಾಗಲೇ ಮಾತು ಹೊರಗೆ ಬಂತು.

“ಇಲ್ಲ ಭಾವ. ಹೋಗಿದ್ದು ಅಕ್ಕಂದು ಮಾತ್ರ. ನಾನು ಮೊದಲೇ ಮಾರಿದ್ದೆ. ಅಕ್ಕನಿಗೆ ಹೇಳ್ಲಿಲ್ಲ.”

ಹೇಳಿದ ಗಳಿಗೆಯಲ್ಲಿ ಎದೆಯ ಮೇಲಿನ ಚಪ್ಪಡಿ ಎತ್ತಿಟ್ಟಂತೆ ಹಗುರಾಯಿತು. ಇನ್ನು ಎಲ್ಲರೂ ಬೈಯಲಿ, ಉಗಿಯಲಿ, ಅದಕ್ಕೆ ಅವಳು ಸಿದ್ಧಳಿದ್ದಳು. ತಲೆಯೆತ್ತಿ ನೋಡಿದಳು. ಅವಳನ್ನು ಯಾರೂ ನೋಡುತ್ತಿರಲಿಲ್ಲ. ಭಾವ ಅಕ್ಕನನ್ನು ನೋಡುತ್ತಿದ್ದರು. ಗಂಡನೂ ಅಕ್ಕನನ್ನೇ. ಅತ್ತೆ ಅಂದು ‘ನೋಡೋಣ’ ಎಂದದ್ದನ್ನು ಇಂದು ಬಾಯಿಬಿಟ್ಟು ನೆನಪಿಸಲಿಲ್ಲ, ಹಿರಿಯ ಸೊಸೆಯನ್ನು ಪಾಪ ಎಂಬಂತೆ ಒಂದು ಸಲ ನೋಡಿ ತಟ್ಟೆಗೆ ಕಣ್ಣಿಳಿಸಿದರು ಅಷ್ಟೆ. ಅವರ ಬಾಯಿಂದ ಒಂದು ಮಾತು ಬಂದಿದ್ದರೆ ಅದೇ ವಾಸಿಯಿತ್ತು. ಅಕ್ಕನ ಮುಖ ಕಿವಿಯ ತನಕ ಕೆಂಪಾಗಿತ್ತು. ಅವಳು ತಟ್ಟೆಯಲ್ಲಿದ್ದದ್ದನ್ನು ಕೊನೆಯ ತುತ್ತಿನವರೆಗೂ ಉಂಡು ಎದ್ದು ಹೋದಳು.

ಕಿರಿಯವಳು ಅವಳ ಹಿಂದೆಯೇ ಅಡುಗೆಮನೆಗೆ ಹೋದಳು. ಅಕ್ಕ ಸಿಂಕಿನ ಮುಂದೆ ಬೆನ್ನು ಮಾಡಿ ನಿಂತಿದ್ದಳು. ಇನ್ನು ಮುಚ್ಚಿಡಲು ಆಗಲಿಲ್ಲ ಅಕ್ಕ, ಎಲ್ಲರೂ ನನಗೆ ಸಮಾಧಾನ ಹೇಳುತ್ತಿದ್ದರೆ ನನಗೆ ಉಸಿರು ಕಟ್ಟುತ್ತಿತ್ತು ಎಂದು ಇವಳು ಹೇಳಿದಳು. ಅಕ್ಕ ತಿರುಗಲಿಲ್ಲ.

“ನಿಂಗೆ ಹಗುರ ಆಯ್ತು” ಎಂದಳು. ಸಿಟ್ಟಿನ ದನಿಯಲ್ಲ, ಬರೀ ಸುಸ್ತಾದ ದನಿ. “ದುಡ್ಡು ಹೋಯ್ತು, ಕೋಣೆ ಹೋಯ್ತು. ಅವರ ಮುಂದೆ ತಲೆಯೆತ್ತಿ ಹೇಳೋಕೆ ನಂಗೆ ಅದೊಂದು ಮಾತು ಉಳಿದಿತ್ತು, ಇಬ್ಬರದೂ ಹೋಯ್ತು ಅನ್ನೋದು. ಅದನ್ನೂ ಕಳೆಯೋಕೆ ಮುಂಚೆ ನನ್ನ ಒಂದು ಮಾತು ಕೇಳಬಹುದಿತ್ತು.”

ಕಿರಿಯವಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಅಕ್ಕ ನಲ್ಲಿ ತಿರುಗಿಸಿ ಪಾತ್ರೆ ತೊಳೆಯಲು ಶುರು ಮಾಡಿದಳು.